ದೈತ್ಯನ ಮಾತನ್ನು ಕಸಿದ ತೆರೆ: ಗಾಥಿಕ್ ಕೃತಿಗಳ ಚಿತ್ರರೂಪಾಂತರದ ಬಗೆಗೊಂದು ತಕರಾರು

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯ ಒಂದು ಪುಟವನ್ನೂ ಓದದವರಿಗೂ ಅದರ ದೈತ್ಯನ ಮುಖ ಗೊತ್ತು. ಚಪ್ಪಟೆ ನೆತ್ತಿ, ಹಣೆಯ ಮೇಲಿನ ಹೊಲಿಗೆ, ಕತ್ತಿನ ಎರಡೂ ಬದಿಗೆ ಚಾಚಿದ ಲೋಹದ ಮೊಳೆಗಳು, ಎತ್ತಿಡಲಾರದ ಭಾರದ ಹೆಜ್ಜೆ, ಗಂಟಲಿನಿಂದಷ್ಟೇ ಹೊರಡುವ ಗುರುಗುಟ್ಟು. ಇವುಗಳಲ್ಲಿ ಒಂದೂ ಕಾದಂಬರಿಯಲ್ಲಿಲ್ಲ. 1931ರಲ್ಲಿ ಯೂನಿವರ್ಸಲ್ ಸಂಸ್ಥೆಗಾಗಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಿತ್ರದಲ್ಲಿ, ಬೋರಿಸ್ ಕಾರ್ಲಾಫ್ ಎಂಬ ನಟನ ಮುಖದ ಮೇಲೆ ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ಕಟ್ಟಿದ ರೂಪವದು. ಕಾದಂಬರಿಯ ಜೀವಿ ಎಂಟು ಅಡಿ ಎತ್ತರದವನು. ಹಳದಿ ತೊಗಲು, ಹೊಳೆಯುವ ಕಪ್ಪು ಕೂದಲು ಉಳ್ಳವನು. ಹಿಮಪರ್ವತದ ಕಡಿದಾದ ಮೈಯನ್ನು ಮನುಷ್ಯರಿಗೆ ಅಸಾಧ್ಯವಾದ ವೇಗದಲ್ಲಿ ಏರಬಲ್ಲವನು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಮಾತುಗಾರ. ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್', ಪ್ಲೂಟಾರ್ಕನ ಜೀವನಚರಿತ್ರೆಗಳು, ಗಯಟೆಯ 'ವರ್ಥರ್' ಇವನ್ನು ಓದಿ ಬೆಳೆದವನು. 1831ರ ಪರಿಷ್ಕೃತ ಆವೃತ್ತಿಯಲ್ಲಿ 11ರಿಂದ 16ನೆಯ ಅಧ್ಯಾಯದವರೆಗೆ, ಕೃತಿಯ ನಟ್ಟನಡುವೆ, ಅವನೊಬ್ಬನದೇ ಮಾತು.

ಈ ಮಾತು ತೆರೆಯ ಮೇಲೆ ಹೋದದ್ದೆಲ್ಲಿ? ಗಾಥಿಕ್ ಕೃತಿಗಳ ಚಿತ್ರರೂಪಾಂತರವನ್ನು ಕುರಿತ ಚರ್ಚೆ ಇಲ್ಲಿಂದ ಆರಂಭವಾಗಬೇಕು. ಆದರೆ ಆ ಚರ್ಚೆ ಸಾಮಾನ್ಯವಾಗಿ ಎರಡು ಸುಲಭದ ದಾರಿಗಳನ್ನು ಹಿಡಿಯುತ್ತದೆ. ಮೊದಲನೆಯ ಗುಂಪಿನವರು ಕಥಾಸಂಗತಿಗಳ ಪಟ್ಟಿ ಹಿಡಿದು ಕೂರುತ್ತಾರೆ; ಯಾವ ಪಾತ್ರ ಬಿಟ್ಟುಹೋಯಿತು, ಯಾವ ಘಟನೆ ಸೇರಿತು ಎಂದು ಲೆಕ್ಕ ಹಾಕಿ ನಿಷ್ಠೆಗೆ ಅಂಕ ಕೊಡುತ್ತಾರೆ. ಎರಡನೆಯ ಗುಂಪಿನವರು ನಿಷ್ಠೆಯೆಂಬ ಮಾತೇ ಹಳತಾಯಿತೆಂದು ತೀರ್ಮಾನಿಸಿ, ಪ್ರತಿಯೊಂದು ರೂಪಾಂತರವೂ ಸ್ವತಂತ್ರ ಕೃತಿಯೆಂದು ಘೋಷಿಸಿ, ಬೆಲೆ ಕಟ್ಟುವ ಹೊಣೆಯಿಂದಲೇ ಕಳಚಿಕೊಳ್ಳುತ್ತಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಮೂಲಕೃತಿಯಲ್ಲಿ ಮಾತನಾಡುವವರು ಯಾರು, ಅದನ್ನು ಕೇಳುವವರು ಯಾರು, ಆ ಮಾತಿಗೆ ಪುರಾವೆ ಏನು? ಗಾಥಿಕ್ ಕಥನದಲ್ಲಿ ಭಯವಿರುವುದು ಈ ಪ್ರಶ್ನೆಯಲ್ಲಿ. ದೆವ್ವ, ರಕ್ತ, ಪಾಳುಕೋಟೆಗಳು ಅದರ ಸಾಮಗ್ರಿ ಮಾತ್ರ.

ಗಾಥಿಕ್ ಕಾದಂಬರಿ ಹುಟ್ಟಿದ್ದೇ ಒಂದು ಕೂಟದಾಖಲೆಯಾಗಿ. ಹೊರೇಸ್ ವಾಲ್‌ಪೋಲ್ 1764ರ ಡಿಸೆಂಬರಿನಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'ವನ್ನು ಪ್ರಕಟಿಸಿದಾಗ ತನ್ನ ಹೆಸರನ್ನು ಹಾಕಲಿಲ್ಲ. ಉತ್ತರ ಇಂಗ್ಲೆಂಡಿನ ಹಳೆಯ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಾಲಯದಲ್ಲಿ ದೊರೆತ, 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಗ್ರಂಥದ ಅನುವಾದವೆಂದು ಪೀಠಿಕೆಯಲ್ಲಿ ಹೇಳಿಸಿದ. ಮರುವರ್ಷದ ಎರಡನೆಯ ಮುದ್ರಣದಲ್ಲಿ ಕರ್ತೃತ್ವವನ್ನು ಒಪ್ಪಿಕೊಂಡು, 'ಗಾಥಿಕ್ ಕಥೆ' ಎಂಬ ಉಪಶೀರ್ಷಿಕೆಯನ್ನು ಸೇರಿಸಿದ. ಅಂದರೆ ಈ ಪ್ರಕಾರಕ್ಕೆ ಹೆಸರು ಬಂದದ್ದೇ ಸುಳ್ಳು ಹಸ್ತಪ್ರತಿಯೊಂದರ ತಪ್ಪೊಪ್ಪಿಗೆಯ ಜೊತೆಗೆ. ಮುಂದಿನ ದೊಡ್ಡ ಕೃತಿಗಳೆಲ್ಲ ಈ ಗುಣವನ್ನು ಉಳಿಸಿಕೊಂಡಿವೆ. 'ಫ್ರಾಂಕೆನ್‌ಸ್ಟೈನ್' ವಾಲ್ಟನ್ ಎಂಬ ನಾವಿಕ ಸೋದರಿಗೆ ಬರೆದ ಪತ್ರಗಳ ಕಟ್ಟು. 1886ರ 'ಜೆಕಿಲ್ ಮತ್ತು ಹೈಡ್' ಮುಚ್ಚಿದ ಲಕೋಟೆಗಳ ಕಥೆ. ಬ್ರಾಮ್ ಸ್ಟೋಕರನ 1897ರ 'ಡ್ರಾಕುಲಾ' ದಿನಚರಿ, ಪತ್ರ, ತಂತಿ, ಪತ್ರಿಕಾ ವರದಿ, ಹಡಗಿನ ದಾಖಲೆಪುಸ್ತಕಗಳ ಸಂಕಲನ. ಹೆನ್ರಿ ಜೇಮ್ಸ್‌ನ 1898ರ 'ದಿ ಟರ್ನ್ ಆಫ್ ದಿ ಸ್ಕ್ರೂ' ಸತ್ತುಹೋದ ದಾದಿಯೊಬ್ಬಳ ಹಸ್ತಪ್ರತಿಯ ವಾಚನ. ಗ್ರಂಥಸಂಪಾದನೆಯ ಪರಿಚಯವಿರುವ ಓದುಗನಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ದಾಖಲೆಯೆಂದರೆ ಅದನ್ನು ಬರೆದವನ ಹಿತಾಸಕ್ತಿ, ಪ್ರತಿಮಾಡಿದವನ ಕೈವಾಡ, ನಡುವೆ ಕಳೆದುಹೋದ ಗರಿ ಎಲ್ಲವೂ ಸೇರಿದ್ದು.

'ಫ್ರಾಂಕೆನ್‌ಸ್ಟೈನ್'ನ ರಚನೆಯನ್ನು ಈ ಕಣ್ಣಿನಿಂದ ನೋಡಬೇಕು. ಜೀವಿ ತನ್ನ ಕಥೆಯನ್ನು ಹೇಳುವುದು ತನ್ನ ಸೃಷ್ಟಿಕರ್ತನಾದ ವಿಕ್ಟರನಿಗೆ. ವಿಕ್ಟರ್ ಅದನ್ನು ವಾಲ್ಟನ್ನನಿಗೆ ಹೇಳುತ್ತಾನೆ. ವಾಲ್ಟನ್ ಬರೆದುಕೊಳ್ಳುತ್ತಾನೆ. ಬರೆದುಕೊಂಡದ್ದನ್ನು ವಿಕ್ಟರ್ ತರಿಸಿ ನೋಡಿ, ತನ್ನ ಶತ್ರುವಿನೊಡನೆ ನಡೆದ ಸಂಭಾಷಣೆಗಳಿಗೆ ಜೀವ ಬರುವಂತೆ ತಿದ್ದಿ ಬೆಳೆಸಿದನೆಂದು ಕೃತಿಯೇ ಹೇಳುತ್ತದೆ. ಹೀಗಾಗಿ ಜೀವಿಯ ಮಾತು ಓದುಗನಿಗೆ ತಲಪುವುದು ಅವನ ವೈರಿಯ ಬಾಯಿಯಿಂದ ಬಂದು, ವೈರಿಯ ಕೈಯಿಂದ ತಿದ್ದಿಸಿಕೊಂಡು. ಇಷ್ಟೆಲ್ಲ ದಾಟಿಯೂ ಆ ವಾದ ಬಲಗುಂದುವುದಿಲ್ಲ ಎಂಬಲ್ಲಿ ಮೇರಿ ಶೆಲ್ಲಿಯ ಸಾಹಸವಿದೆ.

ಇದಕ್ಕಿಂತಲೂ ಮುಖ್ಯವಾದುದು ಕೃತಿಯಲ್ಲಿ ಮೂರು ಸಲ ಮರಳುವ ಒಂದು ಸನ್ನಿವೇಶ. ಹಿಮನದಿಯ ಮೇಲೆ ಎದುರಾದಾಗ ವಿಕ್ಟರ್ ತನ್ನ ಸೃಷ್ಟಿಯನ್ನು ಕಣ್ಣೆದುರಿನಿಂದ ತೊಲಗಲು ಹೇಳುತ್ತಾನೆ. ಜೀವಿ ತನ್ನ ಕೈಗಳಿಂದ ವಿಕ್ಟರನ ಕಣ್ಣುಗಳನ್ನೇ ಮುಚ್ಚಿ, ನೋಡಲಾಗದಿದ್ದರೂ ಕೇಳಬಹುದಲ್ಲ ಎಂದು ಬೇಡುತ್ತಾನೆ. ಕಾಡಿನ ಗುಡಿಸಲಿನಲ್ಲಿ ಡಿ ಲೇಸಿ ಎಂಬ ಕುರುಡು ಮುದುಕ ಅವನ ಮಾತನ್ನು ಕೇಳಿ ಅವನನ್ನು ಮನುಷ್ಯನೆಂದೇ ತಿಳಿದು ಸಾಂತ್ವನ ಹೇಳುತ್ತಾನೆ. ಅಷ್ಟರಲ್ಲಿ ಮನೆಗೆ ಮರಳಿದ ಮಗ ಫೆಲಿಕ್ಸ್ ಅವನನ್ನು ಕಂಡಕೂಡಲೇ ಕೋಲೆತ್ತಿ ಬಡಿಯುತ್ತಾನೆ. ಕೊನೆಗೆ ಹಡಗಿನಲ್ಲಿ, ವಿಕ್ಟರನ ಶವದ ಬಳಿ ನಿಂತ ಜೀವಿಯನ್ನು ಕಂಡ ವಾಲ್ಟನ್ ತನಗರಿವಿಲ್ಲದೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಹಾಗೆ ಮುಚ್ಚಿಕೊಂಡ ಮೇಲೆಯೇ ಅವನಿಗೆ ಆ ಜೀವಿಯನ್ನು ನಿಲ್ಲೆಂದು ಕರೆದು ಮಾತನಾಡಿಸಲು ಸಾಧ್ಯವಾಗುತ್ತದೆ. ಮೂರೂ ಕಡೆ ನ್ಯಾಯದ ಕಡೆಗಿನ ಮೊದಲ ಹೆಜ್ಜೆ ಕಣ್ಣು ಮುಚ್ಚುವುದು. ಕಾದಂಬರಿಯ ಓದುಗ ಸ್ವಭಾವತಃ ಡಿ ಲೇಸಿಯ ಜಾಗದಲ್ಲಿದ್ದಾನೆ. ಅವನಿಗೆ ಮಾತು ಮಾತ್ರ ಕೇಳಿಸುತ್ತದೆ. ಚಿತ್ರದ ಪ್ರೇಕ್ಷಕನನ್ನು ಫೆಲಿಕ್ಸ್‌ನ ಜಾಗದಲ್ಲಿ ನಿಲ್ಲಿಸಲಾಗುತ್ತದೆ. ಅವನು ಮೊದಲು ನೋಡುತ್ತಾನೆ, ನೋಡಿದೊಡನೆ ತೀರ್ಪು ಮುಗಿದಿರುತ್ತದೆ. ಈ ಕೃತಿಯನ್ನು ತೆರೆಗೆ ತರುವವನು ಮೊದಲು ಎದುರಿಸಬೇಕಾದ ತೊಡಕು ಇದು. ಬಹುಪಾಲು ನಿರ್ದೇಶಕರು ಇದೊಂದು ತೊಡಕೆಂಬುದನ್ನೇ ಗುರುತಿಸಿಲ್ಲ.

ತಪ್ಪನ್ನು ಸಿನಿಮಾದ ಮೇಲೆ ಮಾತ್ರ ಹೊರಿಸುವುದು ಅನ್ಯಾಯವಾದೀತು. ಸಿನಿಮಾ ಹುಟ್ಟುವ ಎಷ್ಟೋ ಮೊದಲೇ ರಂಗಭೂಮಿ ಈ ಕೆಲಸವನ್ನು ಮಾಡಿತ್ತು. 1823ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಬರೆದ 'ಪ್ರಿಸಂಪ್ಶನ್' ಎಂಬ ನಾಟಕದಲ್ಲಿ ಟಿ. ಪಿ. ಕುಕ್ ಎಂಬ ನಟ ಮಾಡಿದ ಜೀವಿಯ ಪಾತ್ರ ಮೂಕವಾಗಿತ್ತು. ಫ್ರಿಟ್ಸ್ ಎಂಬ ಸೇವಕ ಹುಟ್ಟಿದ್ದೂ ಆ ನಾಟಕದಲ್ಲೇ. ನಾಟಕದ ಹಸ್ತಪತ್ರದಲ್ಲಿ ಜೀವಿಯ ಹೆಸರಿನ ಜಾಗದಲ್ಲಿ ಬರಿಯ ಗೆರೆ ಎಳೆಯಲಾಗಿತ್ತು. ಸ್ವತಃ ಮೇರಿ ಶೆಲ್ಲಿ ಅದನ್ನು ನೋಡಿ, ಆ ಹೆಸರಿಲ್ಲದ ಗೆರೆಯನ್ನೂ ಕುಕ್‌ನ ಅಭಿನಯವನ್ನೂ ಮೆಚ್ಚಿದ್ದಳು. ಮೂಲ ಲೇಖಕಿಯೇ ಒಪ್ಪಿದ ಮೇಲೆ ಉಳಿದವರ ತಕರಾರೇನು ಎಂದು ಕೇಳುವವರಿದ್ದಾರೆ. ಉತ್ತರ 1831ರ ಆವೃತ್ತಿಯಲ್ಲಿದೆ. ನಾಟಕದ ಯಶಸ್ಸನ್ನು ಕಂಡ ಎಂಟು ವರ್ಷಗಳ ಮೇಲೆ ಕಾದಂಬರಿಯನ್ನು ಪರಿಷ್ಕರಿಸಲು ಕುಳಿತಾಗ ಅವಳು ಅನೇಕ ಕಡೆ ಕೈಯಾಡಿಸಿದಳು. ಜೀವಿಯ ಆತ್ಮಕಥನವನ್ನು ಮಾತ್ರ ಕೈಬಿಡಲಿಲ್ಲ. ರಂಗದ ಮೇಲೆ ಮೆಚ್ಚಿದ್ದು ಬೇರೆ, ಪುಸ್ತಕದಲ್ಲಿ ಉಳಿಸಿಕೊಂಡದ್ದು ಬೇರೆ ಎಂಬ ವಿವೇಕ ಅವಳಿಗಿತ್ತು.

1931ರ ಚಿತ್ರ ಕಾದಂಬರಿಗಿಂತ ಈ ನಾಟಕಪರಂಪರೆಯ ಸಂತಾನ. ಪೆಗ್ಗಿ ವೆಬ್ಲಿಂಗ್ ಎಂಬಾಕೆಯ ನಾಟಕವೊಂದು ಅದಕ್ಕೆ ನೇರ ಆಕರ. ಆರಂಭದ ಪಾತ್ರಪಟ್ಟಿಯಲ್ಲಿ ದೈತ್ಯನ ನಟನ ಹೆಸರಿನ ಜಾಗದಲ್ಲಿ ಪ್ರಶ್ನಚಿಹ್ನೆಯಿದೆ. ಕಾದಂಬರಿಕಾರ್ತಿಯ ಹೆಸರಿನ ಜಾಗದಲ್ಲಿ ಪರ್ಸಿ ಶೆಲ್ಲಿಯ ಹೆಂಡತಿ ಎಂಬ ಗುರುತಿದೆ. ಇವೆಲ್ಲ ಕ್ಷಮಿಸಬಹುದಾದ ಸಂಗತಿಗಳು. ಕ್ಷಮಿಸಲಾಗದ್ದು ಮೆದುಳಿನ ಪ್ರಸಂಗ. ಸೇವಕ ಫ್ರಿಟ್ಸ್ ವೈದ್ಯಶಾಲೆಯಿಂದ ಆರೋಗ್ಯವಂತ ಮೆದುಳನ್ನು ಕದಿಯಲು ಹೋಗಿ, ಬೆಚ್ಚಿ ಗಾಜಿನ ಪಾತ್ರೆಯನ್ನು ಕೆಡವಿ, ಅದರ ಬದಲಿಗೆ ಅಪರಾಧಿಯೊಬ್ಬನ ವಿಕೃತ ಮೆದುಳನ್ನು ತರುತ್ತಾನೆ. ಅದೇ ದೈತ್ಯನ ತಲೆಯೊಳಗೆ ಸೇರುತ್ತದೆ. ಈ ಒಂದು ಪ್ರಸಂಗದಿಂದ ಕಾದಂಬರಿಯ ಇಡೀ ವಾದ ತಲೆಕೆಳಗಾಯಿತು. ಮೇರಿ ಶೆಲ್ಲಿಯ ಜೀವಿ ಹುಟ್ಟಿನಿಂದ ಕೆಡುಕನಲ್ಲ. ತಿರಸ್ಕಾರ ಅವನನ್ನು ಕೆಡಿಸಿತು. ಅವನು ಸೌದೆ ಕಡಿದು ಬಡವರ ಬಾಗಿಲಿಗೆ ಇಟ್ಟುಬಂದವನು, ನೀರಿಗೆ ಬಿದ್ದ ಹುಡುಗಿಯನ್ನು ಎತ್ತಿದ್ದಕ್ಕೆ ಗುಂಡೇಟು ತಿಂದವನು. ಚಿತ್ರದ ದೈತ್ಯನಾದರೋ ಕೆಟ್ಟ ಮೆದುಳಿನಿಂದ ಕೆಟ್ಟವನು. ಅಲ್ಲಿ ಸಮಾಜದ ಹೊಣೆಯಿಲ್ಲ, ತಂದೆಯ ಹೊಣೆಯಿಲ್ಲ. ಇರುವುದು ಸರಬರಾಜಿನ ಲೋಪ ಮಾತ್ರ.

ಈ ಬದಲಾವಣೆ ಯಾವ ಕಾಲದಲ್ಲಿ ಬಂತೆಂಬುದನ್ನೂ ನೆನೆಯಬೇಕು. ಅಪರಾಧವೂ ದಡ್ಡತನವೂ ರಕ್ತದಲ್ಲೇ ಇಳಿದುಬರುತ್ತವೆಂಬ ಸುಪ್ರಜನನವಾದ ಅಮೆರಿಕದಲ್ಲಿ ಆಗ ಗೌರವದ ವಿಜ್ಞಾನವಾಗಿತ್ತು. 1927ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಬಕ್ ವಿರುದ್ಧ ಬೆಲ್ ಎಂಬ ಮೊಕದ್ದಮೆಯಲ್ಲಿ, ಬುದ್ಧಿಮಾಂದ್ಯರೆಂದು ಹೆಸರಿಸಿದವರಿಗೆ ಬಲವಂತದ ಸಂತಾನಹರಣವನ್ನು ಎತ್ತಿಹಿಡಿದಿತ್ತು. ಚಿತ್ರ ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ವೇಲ್ ಆ ವಾದದ ಪ್ರಚಾರಕನೆಂದು ಯಾರೂ ಹೇಳಬೇಕಾಗಿಲ್ಲ. ಮೂಕನಾದ ದೈತ್ಯನಿಗೆ ತನ್ನ ಪರವಾಗಿ ಸಾಕ್ಷಿ ಹೇಳುವ ಬಾಯಿ ಇಲ್ಲದೆ ಹೋದಾಗ, ಅವನ ಪಾಪಕ್ಕೆ ಕಾಲ ಒದಗಿಸಿದ ಸಿದ್ಧ ಕಾರಣವೇ ಸಾಕಾಯಿತು ಎಂದರೆ ಸಾಕು.

ಅದು ಚಿತ್ರವಾಗಿ ದೊಡ್ಡದೆಂಬುದನ್ನು ಅಲ್ಲಗಳೆಯುವುದು ಮೂರ್ಖತನ. ಮೇಲಿನಿಂದ ಇಳಿದ ಬೆಳಕನ್ನು ಹಿಡಿಯಲು ಕಾರ್ಲಾಫ್ ಕೈ ಎತ್ತುವ ನೋಟದಲ್ಲಿ ಮಾತಿಲ್ಲದೆಯೂ ಒಂದು ಜೀವದ ಹಂಬಲವಿದೆ. 1935ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್'ನಲ್ಲಿ ವೇಲ್ ಕುರುಡು ವಿರಕ್ತನ ಗುಡಿಸಲನ್ನು ತಂದು, ದೈತ್ಯನಿಗೆ ನಾಲ್ಕಾರು ಪದಗಳನ್ನು ಕಲಿಸಿದ. ತಾನು ಕಳೆದದ್ದೇನೆಂದು ಅವನಿಗೆ ಗೊತ್ತಿತ್ತೆನ್ನಲು ಇದೇ ಸಾಕ್ಷಿ. ಆದರೆ ಆ ಪದಗಳು ತೊದಲುವ ಮಗುವಿನವು. ಮಗು ಕರುಣೆಯನ್ನು ಬೇಡಬಲ್ಲದು, ಲೆಕ್ಕ ಕೇಳಲಾರದು. ಮೇರಿ ಶೆಲ್ಲಿಯ ಜೀವಿ ಕೇಳಿದ್ದು ಲೆಕ್ಕವನ್ನು.

ಮುಂದೆ ಬಂದವರು ಕಳೆದದ್ದನ್ನು ಮರಳಿಸುತ್ತೇವೆಂದು ಪಣತೊಟ್ಟರು. 1994ರಲ್ಲಿ ಕೆನೆತ್ ಬ್ರಾನಾ ಲೇಖಕಿಯ ಹೆಸರನ್ನೇ ಶೀರ್ಷಿಕೆಗೆ ಏರಿಸಿ 'ಮೇರಿ ಶೆಲ್ಲೀಸ್ ಫ್ರಾಂಕೆನ್‌ಸ್ಟೈನ್' ಮಾಡಿದ. ಉತ್ತರಧ್ರುವದ ಹಡಗು ಮರಳಿತು, ರಾಬರ್ಟ್ ಡಿ ನೀರೊನ ಜೀವಿಗೆ ಮಾತೂ ಮರಳಿತು. ಆದರೆ ಕಾದಂಬರಿಯ ವಿಕ್ಟರ್ ಜೀವ ತುಂಬುವ ವಿಧಾನವನ್ನು ಹೇಳಲು ಕಡಾಖಂಡಿತವಾಗಿ ನಿರಾಕರಿಸುತ್ತಾನೆ. ಬ್ರಾನಾ ಅದನ್ನೇ ಚಿತ್ರದ ಮಹೋತ್ಸವವನ್ನಾಗಿ ಮಾಡಿದ. ಸಾಲದೆ, ಸತ್ತ ಎಲಿಜಬೆತ್‌ಳನ್ನು ಹೊಲಿದು ಎಬ್ಬಿಸಿ ಬೆಂಕಿಗೆ ಕೊಟ್ಟ. ಮೂಲದಲ್ಲಿ ಸುಳಿವೂ ಇಲ್ಲದ ಈ ದೃಶ್ಯಕ್ಕೆ ಮೂಲ ಲೇಖಕಿಯ ಹೆಸರಿನ ಮುದ್ರೆ ಬಿತ್ತು. ಹಳೆಯ ಹಸ್ತಪ್ರತಿಯಲ್ಲಿ ತನ್ನ ಪದ್ಯವನ್ನು ಸೇರಿಸಿ ಪೂರ್ವಕವಿಯ ಅಂಕಿತ ಹಾಕಿದ ಲಿಪಿಕಾರನನ್ನು ವಿದ್ವಾಂಸರು ಏನೆಂದು ಕರೆಯುತ್ತಾರೋ, ಬ್ರಾನಾನನ್ನೂ ಅದೇ ಹೆಸರಿನಿಂದ ಕರೆಯಬೇಕು.

2025ರಲ್ಲಿ ಬಂದ ಗಿಯೆರ್ಮೊ ದೆಲ್ ತೋರೊನ ಚಿತ್ರ ಇದಕ್ಕಿಂತ ಗಂಭೀರವಾದುದು. ವಿಕ್ಟರನ ಕಥೆ ಒಂದು ಭಾಗ, ಜೀವಿಯ ಕಥೆ ಇನ್ನೊಂದು ಭಾಗ ಎಂದು ಚಿತ್ರವನ್ನೇ ಸೀಳಿ, ಜೀವಿಗೆ ತನ್ನ ಬಾಯಿಂದಲೇ ಸಾಕ್ಷ್ಯ ಹೇಳುವ ಹಕ್ಕನ್ನು ಕೊಟ್ಟದ್ದು ದೊಡ್ಡ ಪ್ರಾಯಶ್ಚಿತ್ತ. ಹಾಗಿದ್ದೂ ಒಂದು ತೂಕ ತಪ್ಪಿದೆ. ಕಾದಂಬರಿಯ ಜೀವಿ ವಾಕ್ಪಟುವೂ ಹೌದು, ಕೊಲೆಗಾರನೂ ಹೌದು. ವಿಲಿಯಂ ಎಂಬ ಬಾಲಕನ ಕತ್ತು ಹಿಸುಕಿದವನು, ಆ ಕೊಲೆಯ ಆರೋಪ ನಿರಪರಾಧಿ ಜಸ್ಟೀನಳ ಮೇಲೆ ಬೀಳುವಂತೆ ಮಾಡಿ ಅವಳನ್ನು ಗಲ್ಲಿಗೆ ಕಳಿಸಿದವನು ಅವನೇ. ಓದುಗ ಅವನ ವಾದವನ್ನು ಒಪ್ಪುತ್ತಲೇ ಅವನ ಕೈಯ ರಕ್ತವನ್ನೂ ನೋಡಬೇಕಾಗುತ್ತದೆ. ಆ ಇಕ್ಕಟ್ಟಿನಿಂದ ಕೃತಿ ಅವನಿಗೆ ಬಿಡುಗಡೆ ಕೊಡುವುದಿಲ್ಲ. ವಿಕ್ಟರ್ ಕ್ಷಮೆ ಕೇಳದೆ ಸಾಯುತ್ತಾನೆ. ಜೀವಿ ಬರುವಾಗ ಅವನು ಹೆಣವಾಗಿದ್ದಾನೆ. ದೆಲ್ ತೋರೊನ ಚಿತ್ರದಲ್ಲಿ ತಂದೆ ಕ್ಷಮೆ ಬೇಡುತ್ತಾನೆ, ಮಗ ಕ್ಷಮಿಸುತ್ತಾನೆ. ವೇಲ್ ಜೀವಿಯ ಮಾತನ್ನು ಕಸಿದ. ದೆಲ್ ತೋರೊ ಮಾತನ್ನು ಕೊಟ್ಟು, ಅವನ ಅಪರಾಧದ ಭಾರವನ್ನು ಇಳಿಸಿದ. ತುಳಿತಕ್ಕೊಳಗಾದವನು ನಿರ್ದೋಷಿಯಾಗಿದ್ದರೆ ಮಾತ್ರ ಅವನ ಮಾತನ್ನು ಕೇಳುತ್ತೇವೆಂಬ ಷರತ್ತು ಇದರಲ್ಲಿ ಅಡಗಿದೆ. ಮೇರಿ ಶೆಲ್ಲಿ ಆ ಷರತ್ತನ್ನು ಹಾಕಲಿಲ್ಲ.

'ಡ್ರಾಕುಲಾ'ದಲ್ಲಿ ತೆರೆ ಮಾಡಿದ್ದು ಇದರ ವಿಪರೀತ ಕೆಲಸ. ಆ ಕಾದಂಬರಿಯಲ್ಲಿ ಎಲ್ಲರೂ ಬರೆಯುತ್ತಾರೆ, ಡ್ರಾಕುಲಾನ ಅಂತರಂಗದ ದಾಖಲೆ ಮಾತ್ರ ಒಂದೂ ಇಲ್ಲ. ಅವನು ಇತರರ ದಿನಚರಿಗಳಲ್ಲಿ ಬೀಳುವ ನೆರಳು. ತಾನೂ ಪ್ರೀತಿಸಬಲ್ಲೆನೆಂಬ ಅವನ ಒಂದು ಮಾತು ಬರುತ್ತದೆ, ನಿಜ. ಆದರೆ ಅದನ್ನು ಅರೆಎಚ್ಚರದಲ್ಲಿ ಕೇಳಿ ಬರೆದಿಟ್ಟವನು ಹಾರ್ಕರ್. ಈ ಒಂದು ಎಳೆಯಿಂದ 1992ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಇಡೀ ವಸ್ತ್ರವನ್ನೇ ನೇಯ್ದ. 1462ರ ಪೂರ್ವಕಥೆ, ಆತ್ಮಹತ್ಯೆ ಮಾಡಿಕೊಂಡ ಹೆಂಡತಿ, ಅವಳ ಮರುಹುಟ್ಟಾಗಿ ಮಿನಾ, ಶತಮಾನಗಳ ವಿರಹ. ಕಾದಂಬರಿಯಲ್ಲಿ ಇದಾವುದೂ ಇಲ್ಲ. 1974ರ ಡ್ಯಾನ್ ಕರ್ಟಿಸ್‌ನ ದೂರದರ್ಶನ ಚಿತ್ರದಲ್ಲಿ ಇಂಥದೇ ಮರುಹುಟ್ಟಿನ ಪ್ರಣಯ ಆಗಲೇ ಬಂದುಹೋಗಿತ್ತು. ಆದರೂ ಶೀರ್ಷಿಕೆ ಮಾತ್ರ 'ಬ್ರಾಮ್ ಸ್ಟೋಕರ್ಸ್ ಡ್ರಾಕುಲಾ'. ಚಿತ್ರದಲ್ಲಿ ದಿನಚರಿ, ಬೆರಳಚ್ಚು ಯಂತ್ರ, ಧ್ವನಿಮುದ್ರಣದ ಯಂತ್ರ ಎಲ್ಲವೂ ಸೊಗಸಾಗಿ ಕಾಣುತ್ತವೆ, ಅಲಂಕಾರದ ಸಾಮಾನುಗಳಾಗಿ.

ಇದರಲ್ಲಿ ನಿಜವಾಗಿ ನಷ್ಟವಾದವಳು ಮಿನಾ. ಸ್ಟೋಕರನ ಮಿನಾ ಆ ಕೃತಿಯ ಸಂಪಾದಕಿ. ಗಂಡನ ಶೀಘ್ರಲಿಪಿಯ ದಿನಚರಿಯನ್ನು ಬಿಡಿಸಿ ಬರೆಯುವವಳು, ಡಾಕ್ಟರ್ ಸೆವರ್ಡ್‌ನ ಧ್ವನಿಸುರುಳಿಗಳನ್ನು ಕೇಳಿ ಬೆರಳಚ್ಚು ಮಾಡುವವಳು, ಎಲ್ಲವನ್ನೂ ಕಾಲಾನುಕ್ರಮದಲ್ಲಿ ಜೋಡಿಸುವವಳು, ಒಂದಕ್ಕಿಂತ ಹೆಚ್ಚು ಪ್ರತಿ ತೆಗೆದಿಡುವವಳು ಅವಳು. ಡ್ರಾಕುಲಾ ಒಳನುಗ್ಗಿ ಹಸ್ತಪ್ರತಿಯನ್ನೂ ಧ್ವನಿಸುರುಳಿಗಳನ್ನೂ ಸುಟ್ಟಾಗ ಕಥೆ ಉಳಿಯುವುದು ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಇನ್ನೊಂದು ಪ್ರತಿಯಿಂದ. ರಕ್ತಪಿಪಾಸುವೊಬ್ಬ ಪ್ರತಿಪುಸ್ತಕದಿಂದ ಸೋಲುವ ಈ ಕಥೆಯನ್ನು ಯಾವ ಗ್ರಂಥಸಂಪಾದಕನೂ ಮೆಚ್ಚದೆ ಇರಲಾರ. ಇಂಥವಳನ್ನು ತೆರೆ ಹಳೆಯ ಪ್ರೇಯಸಿಯ ಮರುಹುಟ್ಟನ್ನಾಗಿ ಮಾಡಿ, ಅವಳ ಬುದ್ಧಿಯ ಕೆಲಸವನ್ನು ಅಳಿಸಿ ಹಾಕಿತು. ಮಾತನಾಡಬೇಕಾದ ಜೀವಿಯನ್ನು ಮೂಕನನ್ನಾಗಿಸಿದ ಉದ್ಯಮವೇ, ಮರೆಯಲ್ಲಿರಬೇಕಾದ ಡ್ರಾಕುಲಾನಿಗೆ ಪ್ರೇಮಪ್ರಲಾಪದ ಸಂಭಾಷಣೆ ಬರೆದುಕೊಟ್ಟಿತು.

ಸ್ಟೀವನ್‌ಸನ್ನನ 'ಜೆಕಿಲ್ ಮತ್ತು ಹೈಡ್'ಗೂ ಇದೇ ಗತಿ. ಹೈಡ್‌ನನ್ನು ಕಂಡವರೆಲ್ಲ ಅವನಲ್ಲಿ ಏನೋ ವಿಕಾರವಿದೆಯೆಂದು ಒಪ್ಪುತ್ತಾರೆ. ಅದು ಯಾವ ಅಂಗದಲ್ಲಿದೆಯೆಂದು ಹೇಳಲು ಒಬ್ಬರಿಗೂ ಆಗುವುದಿಲ್ಲ. ಈ ಹೇಳಲಾಗದಿರುವಿಕೆಯಲ್ಲೇ ಕೃತಿಯ ಜೀವವಿದೆ. 1931ರಲ್ಲಿ ರೂಬೆನ್ ಮಾಮೂಲಿಯನ್ ಮಾಡಿದ ಚಿತ್ರದಲ್ಲಿ ಬಣ್ಣದ ಶೋಧಕಗಳ ನೆರವಿನಿಂದ ಫ್ರೆಡ್ರಿಕ್ ಮಾರ್ಚ್‌ನ ಮುಖ ಕಣ್ಣೆದುರೇ ಬದಲಾಗುವುದು ತಾಂತ್ರಿಕ ಪವಾಡವೇ ಸರಿ. ಆದರೆ ಬದಲಾದ ಮೇಲೆ ಉಳಿಯುವುದು ಕೋರೆಹಲ್ಲು, ರೋಮ, ಕಪಿಮುಖ. ಹೇಳಲಾಗದ ವಿಕಾರಕ್ಕೆ ವಿಳಾಸ ಸಿಕ್ಕಿತು. ಜೆಕಿಲ್‌ನಿಗೊಬ್ಬಳು ನಿಶ್ಚಿತ ವಧುವೂ ಬಂದಳು. ಇದು 1887ರ ರಂಗರೂಪದಿಂದಲೇ ಅಂಟಿದ ಪ್ರಕ್ಷೇಪ. ಪೋನ 'ಅಷರ್ ಮನೆತನದ ಪತನ'ವನ್ನು 1960ರಲ್ಲಿ ರೋಜರ್ ಕಾರ್ಮನ್ ತೆರೆಗೆ ತಂದಾಗಲೂ, ಹೆಸರೇ ಇಲ್ಲದ ನಿರೂಪಕ ಹೆಸರು ಪಡೆದು ಮ್ಯಾಡಲಿನಳ ಪ್ರಿಯಕರನಾದ. ಭಯಕ್ಕೆ ಕಾರಣ ತಿಳಿಯದಿದ್ದಾಗಲೆಲ್ಲ ಪ್ರೇಮವನ್ನು ತುಂಬುವುದು ಈ ಉದ್ಯಮದ ರೂಢಿ.

ಚಲನಚಿತ್ರದ ಧರ್ಮವೇ ತೋರಿಸುವುದು, ತೋರಿಸದೆ ಇರೆಂದು ಅದಕ್ಕೆ ಹೇಳುವುದು ಮೀನಿಗೆ ಈಜಬೇಡವೆಂದಂತೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. 1954ರಲ್ಲಿ ಬೆಂಜಮಿನ್ ಬ್ರಿಟನ್ 'ದಿ ಟರ್ನ್ ಆಫ್ ದಿ ಸ್ಕ್ರೂ'ವನ್ನು ಗೀತನಾಟಕ ಮಾಡಿದಾಗ ದೆವ್ವಗಳು ಹಾಡಲೇಬೇಕಾಯಿತು. ಹಾಡುವ ದೆವ್ವವನ್ನು ದಾದಿಯ ಭ್ರಮೆಯೆಂದು ಹೇಳುವುದು ಕಷ್ಟ. ಆದರೆ ಮಾಧ್ಯಮದ ಈ ಒತ್ತಡಕ್ಕೆ ಉತ್ತರ ಸಿನಿಮಾದೊಳಗೇ ಇದೆ. ಅದೇ ಕಥೆಯನ್ನು 1961ರಲ್ಲಿ ಜ್ಯಾಕ್ ಕ್ಲೇಟನ್ 'ದಿ ಇನೊಸೆಂಟ್ಸ್' ಎಂಬ ಹೆಸರಿನಲ್ಲಿ ತೆರೆಗೆ ತಂದ. ವಿಲಿಯಂ ಆರ್ಚಿಬಾಲ್ಡ್ ಮತ್ತು ಟ್ರೂಮನ್ ಕಪೋಟಿ ಬರೆದ ಚಿತ್ರಕಥೆಯಲ್ಲಿ ಜೇಮ್ಸ್‌ನ ಹೊರಚೌಕಟ್ಟಿನ ವಾಚನ ಇಲ್ಲ, ದಾದಿಗೆ ಹೆಸರು ಬಂದಿದೆ, ಸಂಭಾಷಣೆ ಬದಲಾಗಿದೆ. ಸಂಗತಿಗಳ ಪಟ್ಟಿ ಹಿಡಿದವರು ಇದಕ್ಕೆ ಕಡಿಮೆ ಅಂಕ ಕೊಡಬೇಕು. ಆದರೆ ಕಥೆಯ ಪ್ರಾಣವಾದ ಸಂದೇಹ ಅಲ್ಲಿ ಹಾಗೆಯೇ ಉಳಿದಿದೆ. ಕ್ಲೇಟನ್ ಬಹುಮಟ್ಟಿಗೆ ಮೊದಲು ದಾದಿಯ ಪಾತ್ರದ ಡೆಬೊರಾ ಕೆರ್‌ಳ ಮುಖವನ್ನು ತೋರಿಸಿ, ಆಮೇಲೆ ಅವಳು ಕಂಡದ್ದನ್ನು ತೋರಿಸುತ್ತಾನೆ; ಹೀಗಾಗಿ ಪ್ರೇಕ್ಷಕ ಕಾಣುವುದು ದೆವ್ವವನ್ನೋ, ಆ ಮುಖ ಹೆತ್ತ ಆಕೃತಿಯನ್ನೋ ಎಂಬುದು ತೀರ್ಮಾನವಾಗುವುದಿಲ್ಲ. ಛಾಯಾಗ್ರಾಹಕ ಫ್ರೆಡಿ ಫ್ರಾನ್ಸಿಸ್ ಅಗಲತೆರೆಯ ಅಂಚುಗಳನ್ನು ಕಪ್ಪಾಗಿಸಲು ಬಣ್ಣ ಬಳಿದ ಶೋಧಕಗಳನ್ನು ಬಳಸಿದ. ಬರಿದಾದ ಕೋಣೆಯಲ್ಲಿ ಹಲಗೆಯ ಮೇಲೆ ಒಂದು ಕಣ್ಣೀರಿನ ಹನಿ ಉಳಿಯುತ್ತದೆ, ಪುರಾವೆಯೆಂದರೆ ಅಷ್ಟೇ. ಇನ್ನೂ ಗಮನಿಸಬೇಕಾದುದು ಆರಂಭ. ಯಾವ ಚಿತ್ರವೂ ಮೂಡುವ ಮೊದಲು ತೆರೆ ಕಪ್ಪಾಗಿಯೇ ಇದ್ದು, ಮಗುವೊಂದರ ಹಾಡು ಕೇಳಿಬರುತ್ತದೆ. ಸಿನಿಮಾಕ್ಕೂ ಕಣ್ಣು ಮುಚ್ಚಲು ಬರುತ್ತದೆ.

ಶರ್ಲಿ ಜ್ಯಾಕ್ಸನ್‌ಳ 1959ರ ಕಾದಂಬರಿ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಎರಡು ಸಲ ಚಿತ್ರವಾಗಿ, ಈ ವಾದಕ್ಕೆ ಪ್ರಯೋಗಶಾಲೆಯಂತೆ ಒದಗಿಬಂದಿದೆ. 1963ರಲ್ಲಿ ರಾಬರ್ಟ್ ವೈಸ್ ಒಂದು ದೆವ್ವವನ್ನೂ ತೋರಿಸಲಿಲ್ಲ. ಬಾಗಿಲು ಉಸಿರಾಡುವಂತೆ ಉಬ್ಬುತ್ತದೆ; ಕತ್ತಲಲ್ಲಿ ಎಲಿನರ್ ಯಾರದೋ ಕೈ ಹಿಡಿದುಕೊಂಡಿದ್ದಾಳೆ, ಬೆಳಕು ಬಂದಾಗ ಗೆಳತಿ ದೂರದಲ್ಲಿದ್ದಾಳೆ. ಮನೆ ಅವಳನ್ನು ನುಂಗಿತೋ, ಅವಳೇ ಮನೆಯನ್ನು ಬಯಸಿದಳೋ ಎಂಬುದು ಬಗೆಹರಿಯುವುದಿಲ್ಲ. 1999ರಲ್ಲಿ ಯಾನ್ ಡಿ ಬಾಂಟ್ ಅದೇ ಕೃತಿಯನ್ನು ಗಣಕಯಂತ್ರದ ಚಿತ್ರಗಳಿಂದ ತುಂಬಿಸಿದ. ಮನೆಯ ಯಜಮಾನ ಹ್ಯೂ ಕ್ರೇನ್ ದುಷ್ಟ ದೆವ್ವವಾದ, ಎಲಿನರ್ ಅವನ ವಂಶದ ಕುಡಿಯಾಗಿ ಮಕ್ಕಳ ಆತ್ಮಗಳನ್ನು ಬಿಡಿಸುವ ವೀರಳಾದಳು. ಎಲ್ಲವೂ ಕಂಡಿತು, ಎಲ್ಲಕ್ಕೂ ಕಾರಣ ಸಿಕ್ಕಿತು, ಯಾರೂ ಹೆದರಲಿಲ್ಲ. ಆ್ಯನ್ ರ‍್ಯಾಡ್‌ಕ್ಲಿಫ್ ತನ್ನ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಅಸ್ಪಷ್ಟತೆಯಿಂದ ಹುಟ್ಟುವ ಭೀತಿ ಆತ್ಮವನ್ನು ಹಿಗ್ಗಿಸುತ್ತದೆ, ಕಣ್ಣಿಗೆ ರಾಚುವ ಭೀಕರತೆ ಅದನ್ನು ಮುದುಡಿಸುತ್ತದೆ ಎಂಬ ಭೇದವನ್ನು ಮಾಡಿದ್ದಳು. ಡಿ ಬಾಂಟ್‌ನ ಬಳಿ ಹಣವೂ ಯಂತ್ರಗಳೂ ಇದ್ದವು. ಆ ಭೇದದ ಅರಿವು ಇರಲಿಲ್ಲ.

ಇನ್ನು ಎರಡನೆಯ ಗುಂಪಿನವರ ಮಾತು. ರಾಬರ್ಟ್ ಸ್ಟಾಮ್, ಲಿಂಡಾ ಹಚನ್ ಮೊದಲಾದವರು ನಿಷ್ಠೆಯ ಅಳತೆಗೋಲನ್ನು ಪ್ರಶ್ನಿಸಿದ್ದು ಅಗತ್ಯವಾದ ಕೆಲಸವೇ. ಪುಸ್ತಕವೇ ಯಾವಾಗಲೂ ಶ್ರೇಷ್ಠ, ಚಿತ್ರ ಅದರ ಕಳಪೆ ನೆರಳು ಎಂಬ ದುರಭಿಮಾನವನ್ನು ಅವರು ಮುರಿದರು. ಆದರೆ ಅವರ ಹಿಂಬಾಲಕರ ಕೈಯಲ್ಲಿ ಆ ಸಿದ್ಧಾಂತ ಎಲ್ಲ ಬದಲಾವಣೆಗೂ ಕೊಡುವ ರಹದಾರಿಯಾಗಿದೆ. ಕನ್ನಡದ ವಿದ್ಯಾರ್ಥಿಗಳು ಇದಕ್ಕೆ ನಮ್ಮ ಪ್ರಾಚೀನ ಕವಿಗಳನ್ನೇ ಸಾಕ್ಷಿಗೆ ಕರೆಯುವುದುಂಟು: ಪಂಪ ಬದಲಾಯಿಸಲಿಲ್ಲವೇ, ನಾಗಚಂದ್ರ ಬದಲಾಯಿಸಲಿಲ್ಲವೇ? ಬದಲಾಯಿಸಿದರು, ನಿಜ. ನಾಗಚಂದ್ರನ ರಾವಣ ಸೀತೆಯ ದುಃಖವನ್ನು ಕಂಡು ಪರಿವರ್ತನೆಗೊಂಡು, ರಾಮನನ್ನು ಯುದ್ಧದಲ್ಲಿ ಗೆದ್ದು ಆಮೇಲೆ ಅವಳನ್ನು ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಅವನು ಅವಳನ್ನು ಕದ್ದೊಯ್ದ ಅಪರಾಧವನ್ನು ಕವಿ ಅಳಿಸಲಿಲ್ಲ. ಪಶ್ಚಾತ್ತಾಪ ಬಂದ ಮೇಲೂ ಬಿಡದ ಅಭಿಮಾನ ಅವನನ್ನು ಕೆಡವುತ್ತದೆ. ಆ ಬದಲಾವಣೆಯಿಂದ ನೈತಿಕ ಪ್ರಶ್ನೆ ಇನ್ನಷ್ಟು ಕಠಿನವಾಯಿತು. ಕೊಪೊಲಾ ಡ್ರಾಕುಲಾನಿಗೆ ಕೊಟ್ಟ ಪ್ರಣಯದಿಂದ ಪ್ರಶ್ನೆಯೇ ಕರಗಿಹೋಯಿತು. ಎರಡನ್ನೂ ರೂಪಾಂತರವೆಂಬ ಒಂದೇ ಹೆಸರಿನಿಂದ ಕರೆಯಬಹುದು. ಒಂದೇ ತಕ್ಕಡಿಯಲ್ಲಿ ತೂಗಿ ಸಮವೆನ್ನಲಾಗದು.

ಈ ವಿವಾದ ಚಿತ್ರರಸಿಕರ ಅಭಿರುಚಿಯ ಜಗಳವಾಗಿದ್ದರೆ ಬಿಡಬಹುದಿತ್ತು. ಬಿಡಲಾಗದಿರುವುದಕ್ಕೆ ಕಾರಣ, ಈ ಪ್ರಕ್ಷೇಪಗಳು ಈಗ ಮೂಲಪಾಠದ ಜಾಗವನ್ನು ಆಕ್ರಮಿಸಿವೆ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆಂಬುದು 1922ರ 'ನೊಸ್ಫೆರಾಟು' ಚಿತ್ರದ ಕಲ್ಪನೆ. ಸ್ಟೋಕರನ ಡ್ರಾಕುಲಾ ಹಗಲಿನಲ್ಲೇ ಲಂಡನ್ನಿನ ಪಿಕಡಿಲಿಯಲ್ಲಿ ನಡೆದಾಡುತ್ತಾನೆ. ಫ್ರಾಂಕೆನ್‌ಸ್ಟೈನ್ ಎಂಬು‌ದು ದೈತ್ಯನ ಹೆಸರೆಂದು ತಿಳಿದವರಿಗೆ ಲೆಕ್ಕವಿಲ್ಲ. ಹೆಸರಿಡದೆ ಬಿಟ್ಟುಹೋದದ್ದೇ ವಿಕ್ಟರನ ಮೊದಲ ಅಪರಾಧವೆಂಬ ಅಂಶ ಆ ತಪ್ಪಿನಲ್ಲಿ ಮುಚ್ಚಿಹೋಗುತ್ತದೆ. ಸಾಹಿತ್ಯದ ವಿದ್ಯಾರ್ಥಿ ಚಿತ್ರವನ್ನು ಮೊದಲು ನೋಡಿ ಪುಸ್ತಕಕ್ಕೆ ಬಂದಾಗ, 11ನೆಯ ಅಧ್ಯಾಯದಲ್ಲಿ ಮಾತನಾಡುವ ಜೀವಿಗೂ ಕಾರ್ಲಾಫ್‌ನ ಮುಖವನ್ನೇ ತೊಡಿಸುತ್ತಾನೆ. ಆಗ ಓದುವವನೂ ಫೆಲಿಕ್ಸ್‌ನೇ ಆಗುತ್ತಾನೆ. ಮಾತು ಕಿವಿಗೆ ಬೀಳುವ ಮೊದಲೇ ಕೈ ಕೋಲನ್ನು ಹುಡುಕುತ್ತದೆ.

ಆದ್ದರಿಂದ ತರಗತಿಗಳಲ್ಲಿ ಈ ಚಿತ್ರಗಳನ್ನು ತೋರಿಸಬಾರದೆಂದಲ್ಲ, ಕ್ರಮ ಬದಲಾಗಬೇಕು. ಮೊದಲು ಆ ಆರು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿಸಿ ಕೇಳಿಸಬೇಕು, ಆಮೇಲೆ ತೆರೆಯನ್ನು ಬೆಳಗಿಸಬೇಕು. ಸಂಶೋಧಕರು ಯಾವ ರೂಪಾಂತರವನ್ನು ಕೈಗೆತ್ತಿಕೊಂಡರೂ, ಏನು ಸೇರಿತು, ಏನು ಬಿಟ್ಟಿತು ಎಂಬ ಕೋಷ್ಟಕವನ್ನು ಎಳೆಯುವ ಮುನ್ನ, ಅಲ್ಲಿ ಸಾಕ್ಷಿ ಹೇಳುತ್ತಿರುವವರು ಯಾರು, ಯಾರ ಸಾಕ್ಷ್ಯವನ್ನು ತೆಗೆದುಹಾಕಲಾಗಿದೆ, ಅದರಿಂದ ಯಾರ ಅಪರಾಧ ಹಗುರವಾಯಿತು ಎಂದು ಕೇಳಬೇಕು. ಡಿ ಲೇಸಿಯ ಗುಡಿಸಲಿನಲ್ಲಿ ಆ ಸಂಭಾಷಣೆ ಇನ್ನು ಕೆಲವೇ ನಿಮಿಷ ನಡೆಯಲು ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಬಾಗಿಲು ತೆರೆದು ಒಳಗೆ ಬಂದವರು ಕಣ್ಣಿದ್ದವರು.